ಆಸ್ಪತ್ರೆಯ ಹೆಸರಿನ ಹಿಂದಿನ ಮಂತ್ರಿ: ರಫಿ ಅಹ್ಮದ್ ಕಿದ್ವಾಯಿ

(ದ್ವಿತೀಯ ಪಿ.ಯು.ಸಿ., ವಾಣಿಜ್ಯ ವಿಭಾಗ)

ನಮ್ಮ ಮೊಹಲ್ಲಾದಲ್ಲಿ ಕಿದ್ವಾಯಿ ಎಂಬ ಹೆಸರನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಒಮ್ಮೆ ಕಿದ್ವಾಯಿಗೆ ತೋರಿಸಿಕೊಂಡು ಬನ್ನಿ ಎಂದು ಡಾಕ್ಟರ್ ಚೀಟಿ ಬರೆದುಕೊಟ್ಟರೆ ಸಾಕು, ಆ ಮನೆಯಲ್ಲಿ ಮಾತು ನಿಂತುಹೋಗುತ್ತದೆ. ಕಾಯಿಲೆಯ ಹೆಸರು ಹೇಳಲು ಹೆದರುವವರು ಆಸ್ಪತ್ರೆಯ ಹೆಸರು ಹೇಳಿ ಸುಮ್ಮನಾಗುತ್ತಾರೆ. ಎರಡು ವರ್ಷದ ಹಿಂದೆ ನನ್ನ ಫೂಫುವನ್ನು, ಅಂದರೆ ಅಬ್ಬಾ ಅವರ ಅಕ್ಕನನ್ನು, ಬೆಂಗಳೂರಿಗೆ ಕರೆದುಕೊಂಡು ಹೋದಾಗ ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ದೇವರ ದಯೆಯಿಂದ ಅವರು ಈಗ ಚೆನ್ನಾಗಿದ್ದಾರೆ. ಆಗ ನಾನು ಅಬ್ಬಾ ಅವರನ್ನು ಒಂದು ಪ್ರಶ್ನೆ ಕೇಳಿದೆ: ಕಿದ್ವಾಯಿ ಅಂದರೆ ಯಾರು? ಅವರು ದೊಡ್ಡ ಡಾಕ್ಟರ್ ಇರಬೇಕು ಎಂದರು. ನಮ್ಮ ತರಗತಿಯಲ್ಲಿ ಕೇಳಿದೆ. ಕೆಲವರು ಡಾಕ್ಟರ್ ಎಂದರು, ಇಬ್ಬರು ಯಾವುದೋ ನವಾಬರು ಎಂದರು, ಒಬ್ಬ ಗೆಳೆಯ ಅದು ಜಪಾನಿನ ಹೆಸರು ಎಂದು ಬಿಟ್ಟ!

ಅವರು ಡಾಕ್ಟರ್ ಅಲ್ಲ, ನವಾಬರೂ ಅಲ್ಲ. ಸ್ವತಂತ್ರ ಭಾರತದ ಮೊದಲ ಸಂಪರ್ಕ ಖಾತೆ ಮಂತ್ರಿ. ಅಂಚೆ, ತಂತಿ, ಟೆಲಿಫೋನ್, ವಿಮಾನ ಎಲ್ಲವೂ ಅವರ ಕೈಯಲ್ಲಿದ್ದವು. ನಂತರ ಆಹಾರ ಮಂತ್ರಿಯಾಗಿ ದೇಶದಲ್ಲಿದ್ದ ಧಾನ್ಯದ ಕಂಟ್ರೋಲ್ ತೆಗೆದವರೂ ಅವರೇ. ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಸರ್ಕಾರಿ ನೀತಿ, ಬೆಲೆ ನಿಯಂತ್ರಣ, ಸಾರ್ವಜನಿಕ ಉದ್ಯಮ ಎಂದು ಪುಸ್ತಕದಲ್ಲಿ ಓದುತ್ತೇವೆ, ಪರೀಕ್ಷೆಯಲ್ಲಿ ಆರು ಅಂಕಕ್ಕೆ ಬರೆಯುತ್ತೇವೆ. ಅವುಗಳನ್ನೆಲ್ಲ ಕೈಯಲ್ಲಿ ಹಿಡಿದು ಕೆಲಸ ಮಾಡಿದ ಒಬ್ಬ ಮನುಷ್ಯನ ಕಥೆ ಇದು.

ರಫಿ ಅಹ್ಮದ್ ಕಿದ್ವಾಯಿ ಹುಟ್ಟಿದ್ದು 1894ರ ಫೆಬ್ರವರಿ 18ರಂದು. ಈಗಿನ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಮಸೌಲಿ ಎಂಬ ಹಳ್ಳಿ ಅವರ ಊರು. ಮನೆತನ ಜಮೀನ್ದಾರರದು, ತಂದೆ ಸರ್ಕಾರಿ ನೌಕರಿಯಲ್ಲಿದ್ದರು. ತಾಯಿ ಬೇಗ ತೀರಿಕೊಂಡಿದ್ದರಿಂದ ಹುಡುಗ ಬಾರಾಬಂಕಿಯಲ್ಲಿ ವಕೀಲರಾಗಿದ್ದ ಚಿಕ್ಕಪ್ಪ ವಿಲಾಯತ್ ಅಲಿಯವರ ಆಶ್ರಯದಲ್ಲಿ ಬೆಳೆದ. ಈ ಚಿಕ್ಕಪ್ಪ ಮೌಲಾನಾ ಮಹಮ್ಮದ್ ಅಲಿಯವರ ಕಾಮ್ರೇಡ್ ಪತ್ರಿಕೆಗೆ ಬಾಂಬೂಕ್ ಎಂಬ ತಮಾಷೆಯ ಹೆಸರಿನಲ್ಲಿ ಹಾಸ್ಯ ಲೇಖನ ಬರೆಯುತ್ತಿದ್ದರು. ಆ ಮನೆಯಲ್ಲಿ ರಾಜಕೀಯದ ಮಾತು ದಿನವೂ ಇತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಅಲಿಗಢದ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದರು. ಕಾನೂನು ಓದಲು ಸೇರಿದರು, ಆದರೆ ಮುಗಿಸಲಿಲ್ಲ. ಖಿಲಾಫತ್ ಮತ್ತು ಅಸಹಕಾರ ಚಳವಳಿಯ ಕರೆ ಬಂದಾಗ ಪುಸ್ತಕ ಮುಚ್ಚಿಟ್ಟು ಹೊರಟರು, ಜೈಲಿಗೂ ಹೋದರು. ಬಿಡುಗಡೆಯಾದ ಮೇಲೆ ಅಲಹಾಬಾದಿನ ಆನಂದ ಭವನದಲ್ಲಿ ಮೋತಿಲಾಲ್ ನೆಹರೂ ಅವರ ಕಾರ್ಯದರ್ಶಿಯಾದರು. 1926ರಲ್ಲಿ ದೆಹಲಿಯ ಕೇಂದ್ರ ಶಾಸನಸಭೆಗೆ ಆರಿಸಿ ಬಂದು ಸ್ವರಾಜ್ ಪಕ್ಷದ ಮುಖ್ಯ ಸಚೇತಕರಾದರು. ಸಚೇತಕರ ಕೆಲಸವೆಂದರೆ ಮತದಾನದ ಹೊತ್ತಿಗೆ ತಮ್ಮ ಪಕ್ಷದವರನ್ನೆಲ್ಲ ಹುಡುಕಿ ಸಭೆಯಲ್ಲಿ ಕೂರಿಸುವುದು. ಭಾಷಣದಲ್ಲಿ ರಫಿ ಸಾಹೇಬರು ದೊಡ್ಡ ಹೆಸರು ಮಾಡಿದವರಲ್ಲ. ಆದರೆ ಯಾರು ಎಲ್ಲಿದ್ದಾರೆ, ಯಾರಿಗೆ ಏನು ಬೇಕು, ಯಾರನ್ನು ಹೇಗೆ ಒಪ್ಪಿಸಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ಮಂತ್ರಿಯಾದಾಗ ಈ ವಿದ್ಯೆಯೇ ಕೆಲಸಕ್ಕೆ ಬಂತು.

1930ರಲ್ಲಿ ರಾಯ್‌ಬರೇಲಿಯಲ್ಲಿ ರೈತರ ಗೇಣಿ ನಿರಾಕರಣೆ ಚಳವಳಿ ನಡೆಸಿದರು. ಜಮೀನ್ದಾರರ ಮನೆಯ ಮಗ, ಜಮೀನ್ದಾರರಿಗೆ ಗೇಣಿ ಕೊಡಬೇಡಿ ಎನ್ನುವುದು! 1937ರಲ್ಲಿ ಗೋವಿಂದ ವಲ್ಲಭ ಪಂತರ ಮಂತ್ರಿಮಂಡಲದಲ್ಲಿ ಕಂದಾಯ ಮಂತ್ರಿಯಾದರು. ಅವರ ಖಾತೆಯಲ್ಲಿ ಸಿದ್ಧವಾದ ಗೇಣಿ ಕಾನೂನು 1939ರಲ್ಲಿ ಬಂತು, ರೈತನನ್ನು ಜಮೀನಿನಿಂದ ಮನಸ್ಸಿಗೆ ಬಂದಂತೆ ಎಬ್ಬಿಸುವುದಕ್ಕೆ ತಡೆ ಬಿತ್ತು. ಯುದ್ಧದ ವರ್ಷಗಳಲ್ಲಿ ಮತ್ತೆ ಜೈಲು. 1946ರಲ್ಲಿ ಅದೇ ಪ್ರಾಂತ್ಯದ ಗೃಹ ಮಂತ್ರಿ.

ಇಲ್ಲಿಗೆ 1947 ಬರುತ್ತದೆ. ನೆಹರೂ ಅವರ ಮೊದಲ ಮಂತ್ರಿಮಂಡಲದಲ್ಲಿ ಇಬ್ಬರು ಮುಸ್ಲಿಮರಿದ್ದರು. ಒಬ್ಬರು ಮೌಲಾನಾ ಆಜಾದ್, ಇನ್ನೊಬ್ಬರು ರಫಿ ಸಾಹೇಬರು. ಆಗಸ್ಟ್‌ನಲ್ಲಿ ಅಧಿಕಾರ ಬಂತು. ಅದೇ ವರ್ಷ ಅವರ ತಮ್ಮ ಶಫಿ ಅಹ್ಮದ್ ಕಿದ್ವಾಯಿ ಕೊಲೆಯಾದರು. ಶಫಿಯವರು ಮಸ್ಸೂರಿ ಪುರಸಭೆಯ ಆಡಳಿತಾಧಿಕಾರಿಯಾಗಿದ್ದರು. ಗಲಭೆ ಶುರುವಾದಾಗ ಊರು ಬಿಟ್ಟು ಹೋಗಲಿಲ್ಲ, ತಮ್ಮ ಕರ್ತವ್ಯದಲ್ಲೇ ಇದ್ದರು. ಅವರ ಪತ್ನಿ ಅನೀಸ್ ಕಿದ್ವಾಯಿ ದುಃಖದಲ್ಲಿ ಮನೆಯಲ್ಲಿ ಕೂರದೆ ದೆಹಲಿಗೆ ಬಂದು, ಗಾಂಧೀಜಿಯವರ ಮಾತಿನಂತೆ ನಿರಾಶ್ರಿತರ ಶಿಬಿರಗಳಲ್ಲಿ ಸೇವೆ ಮಾಡಿದರು. ಮುಂದೆ ಆ ದಿನಗಳ ಬಗ್ಗೆ ಉರ್ದುವಿನಲ್ಲಿ ಪುಸ್ತಕವನ್ನೂ ಬರೆದರು. ನನಗೆ ಉರ್ದು ಓದುವುದು ನಿಧಾನ, ಹಾಗಾಗಿ ಅಮ್ಮಿ ಕೆಲವು ಪುಟ ಓದಿ ಹೇಳಿದರು. ಎರಡು ಸಲ ಓದು ನಿಲ್ಲಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ತಮ್ಮನನ್ನು ಕಳೆದುಕೊಂಡ ಅಣ್ಣ ಏನು ಮಾಡಿದರು? ಅಂಚೆ ಕಚೇರಿ ತೆರೆಯುವ ಕೆಲಸ ಮಾಡಿದರು. ಇದನ್ನು ಓದಿದಾಗ ಮೊದಲು ನನಗೆ ವಿಚಿತ್ರ ಅನಿಸಿತು. ಆದರೆ ಆ ದಿನಗಳನ್ನು ಸ್ವಲ್ಪ ಊಹಿಸಿಕೊಳ್ಳಿ. ಲಕ್ಷಗಟ್ಟಲೆ ಜನ ಗಡಿ ದಾಟಿ ಬಂದಿದ್ದಾರೆ, ಲಕ್ಷಗಟ್ಟಲೆ ಜನ ಹೋಗಿದ್ದಾರೆ. ಅಣ್ಣ ಎಲ್ಲಿದ್ದಾನೆ, ತಾಯಿ ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲ. ಮೊಬೈಲ್ ಇಲ್ಲ, ಊರಿಗೊಂದು ಫೋನೂ ಇಲ್ಲ. ಕಾಗದವೊಂದೇ ದಾರಿ. ಅಂಥ ಹೊತ್ತಿನಲ್ಲಿ ಅಂಚೆ ಖಾತೆ ಸಣ್ಣ ಖಾತೆಯಾಗಿರಲಿಲ್ಲ.

ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿದ್ದ ಅಂಚೆ ಕಚೇರಿಗಳು 23,344. 1951ರ ಹೊತ್ತಿಗೆ ಅವು ಸುಮಾರು 36 ಸಾವಿರವಾದವು. ನಾಲ್ಕು ವರ್ಷಗಳಲ್ಲಿ ಒಂದೂವರೆ ಪಟ್ಟು! ಹೆಚ್ಚಿನವು ಹಳ್ಳಿಗಳಲ್ಲಿ ತೆರೆದವು. ಹಳ್ಳಿಯ ಅಂಚೆ ಕಚೇರಿಯಿಂದ ಲಾಭ ಬರುವುದಿಲ್ಲ. ದಿನಕ್ಕೆ ಹತ್ತು ಕಾರ್ಡು, ತಿಂಗಳಿಗೆ ನಾಲ್ಕು ಮನಿಆರ್ಡರ್ ಬಂದರೆ ಪೋಸ್ಟ್ ಮಾಸ್ಟರ್ ಸಂಬಳಕ್ಕೂ ಸಾಲದು. ಲಾಭ ನಷ್ಟದ ಖಾತೆ ಹಾಕಿದರೆ ಮುಚ್ಚಬೇಕು ಎಂದೇ ಬರುತ್ತದೆ. ಆದರೆ ಇಂತಿಷ್ಟು ನಷ್ಟವಾದರೂ ಚಿಂತೆಯಿಲ್ಲ, ಕಚೇರಿ ನಡೆಯಲಿ, ನಗರದ ವರಮಾನದಿಂದ ಹಳ್ಳಿಯ ನಷ್ಟ ತುಂಬಿಕೊಳ್ಳೋಣ ಎಂಬುದು ನೀತಿಯಾಯಿತು. ಇದೇ ಹೊತ್ತಿನಲ್ಲಿ ಸಂಸ್ಥಾನಗಳ ಅಂಚೆಯನ್ನೂ ಭಾರತದ ಅಂಚೆಯಲ್ಲಿ ಸೇರಿಸಿದರು. ನಮ್ಮ ಮೈಸೂರು ಅಂಚೆ 1889ರಲ್ಲೇ ಸೇರಿಹೋಗಿತ್ತು. ಆದರೆ ಬೀದರ್, ಕಲಬುರಗಿ, ರಾಯಚೂರಿನವರು ನಿಜಾಮರ ಅಂಚೆಚೀಟಿ ಹಚ್ಚುತ್ತಿದ್ದರು. ಅದು ನಿಂತದ್ದು 1950ರಲ್ಲಿ.

ಅಂಚೆಚೀಟಿಯ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ. 1948ರ ಆಗಸ್ಟ್ 15ರಂದು ಗಾಂಧೀಜಿಯವರ ನೆನಪಿಗೆ ನಾಲ್ಕು ಚೀಟಿಗಳು ಬಂದವು. ಅವುಗಳ ಮೇಲೆ ಬಾಪು ಎಂದು ಹಿಂದಿಯಲ್ಲೂ ಉರ್ದುವಿನಲ್ಲೂ ಅಚ್ಚಾಗಿದೆ. ದೇಶ ಒಡೆದು ಇನ್ನೂ ಒಂದು ವರ್ಷ, ಗಾಂಧೀಜಿ ಹೋಗಿ ಏಳು ತಿಂಗಳು ಸಹ ಆಗಿರಲಿಲ್ಲ. ಆ ಚೀಟಿಯ ಚಿತ್ರವನ್ನು ದೊಡ್ಡದು ಮಾಡಿ ದಾದಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡಕ್ಷರವನ್ನು ತಾವೇ ಓದಿದರು, ಬಹಳ ಖುಷಿಪಟ್ಟರು.

ಈಗ ವಿಮಾನದ ಕಥೆಗೆ ಬರುತ್ತೇನೆ. ಇದು ನನಗೆ ತುಂಬಾ ಇಷ್ಟವಾದ ಭಾಗ.

ಯುದ್ಧ ಮುಗಿದ ಮೇಲೆ ಸೈನ್ಯದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಕ್ಕವು. ಅವುಗಳನ್ನು ಕೊಂಡು ಅನೇಕರು ವಿಮಾನ ಕಂಪನಿ ಶುರು ಮಾಡಿದರು. ಲೈಸೆನ್ಸು ಸುಲಭವಾಗಿ ಸಿಕ್ಕಿತು. ಆದರೆ ಅಷ್ಟೊಂದು ಕಂಪನಿಗಳಿಗೆ ಆಗುವಷ್ಟು ಪ್ರಯಾಣಿಕರೇ ಇರಲಿಲ್ಲ, ಕಂಪನಿಗಳು ನಷ್ಟದಲ್ಲಿದ್ದವು. ವಿಮಾನ ಕಂಪನಿಗೆ ಅಂಚೆಯ ಚೀಲ ಎಂದರೆ ಖಾತ್ರಿ ಬಾಡಿಗೆ. 1949ರ ಜನವರಿಯಲ್ಲಿ ರಾತ್ರಿ ವಿಮಾನ ಅಂಚೆ ಶುರುವಾಯಿತು. ಅದರ ಏರ್ಪಾಡು ಹೀಗೆ: ಮುಂಬಯಿ, ಕಲ್ಕತ್ತಾ, ದೆಹಲಿ, ಮದ್ರಾಸ್ ನಾಲ್ಕು ಊರುಗಳಿಂದ ರಾತ್ರಿ ಒಂದೊಂದು ವಿಮಾನ ಹೊರಡುತ್ತದೆ. ನಾಲ್ಕೂ ನಡುರಾತ್ರಿಯ ಹೊತ್ತಿಗೆ ನಾಗಪುರಕ್ಕೆ ಬಂದು ಸೇರುತ್ತವೆ. ನಾಗಪುರ ದೇಶದ ಹೆಚ್ಚುಕಡಿಮೆ ನಡುಮಧ್ಯದಲ್ಲಿದೆ. ಅಲ್ಲಿ ಚೀಲಗಳನ್ನು ಅದಲುಬದಲು ಮಾಡುತ್ತಾರೆ. ಮದ್ರಾಸಿನ ವಿಮಾನ ದೆಹಲಿ, ಮುಂಬಯಿ, ಕಲ್ಕತ್ತಾದ ಕಾಗದ ತುಂಬಿಕೊಂಡು ಮದ್ರಾಸಿಗೇ ವಾಪಸ್ಸು. ಉಳಿದವೂ ಹಾಗೆಯೇ. ಬೆಳಗಾಗುವಷ್ಟರಲ್ಲಿ ಎಲ್ಲ ತಮ್ಮ ತಮ್ಮ ಊರಿನಲ್ಲಿ. ಸಂಜೆ ಮದ್ರಾಸಿನಲ್ಲಿ ಡಬ್ಬಿಗೆ ಹಾಕಿದ ಕಾಗದ ಬೆಳಗ್ಗೆ ದೆಹಲಿಯಲ್ಲಿ. ರೈಲಿನಲ್ಲಾದರೆ ದಿನಗಳೇ ಹಿಡಿಯುತ್ತಿದ್ದವು.

ಅದೇ 1949ರ ಏಪ್ರಿಲ್ 1ರಿಂದ ಇನ್ನೊಂದು ಬದಲಾವಣೆ. ಅಲ್ಲಿಯವರೆಗೆ ವಿಮಾನದಲ್ಲಿ ಕಾಗದ ಹೋಗಬೇಕಾದರೆ ಹೆಚ್ಚು ಹಣ ಕೊಡಬೇಕಿತ್ತು. ಇನ್ನು ಮುಂದೆ ಹೆಚ್ಚಿನ ಹಣವಿಲ್ಲ, ವಿಮಾನದಿಂದ ಬೇಗ ತಲುಪುವುದಾದರೆ ಸಾಮಾನ್ಯ ಕಾಗದವೂ ವಿಮಾನದಲ್ಲೇ ಹೋಗುತ್ತದೆ ಎಂದಾಯಿತು. ಬಡವನ ಕಾಗದ ಮತ್ತು ಸಾಹುಕಾರನ ಕಾಗದ ಒಂದೇ ಚೀಲದಲ್ಲಿ ಹಾರಿದವು.

ಇದೆಲ್ಲ ಸಲೀಸಾಗಿ ಆಗಲಿಲ್ಲ. ಜೆ.ಆರ್.ಡಿ. ಟಾಟಾ ಅವರು ಈ ಯೋಜನೆಯನ್ನು ವಿರೋಧಿಸಿದರು. ರಾತ್ರಿ ಇಳಿಯಲು ಬೇಕಾದ ದೀಪ, ರೇಡಿಯೋ ಸಲಕರಣೆ ಸರಿಯಾಗಿಲ್ಲದೆ ವಿಮಾನ ಹಾರಿಸುವುದು ಅಪಾಯ ಎಂಬುದು ಅವರ ವಾದ. ಸ್ವತಃ ಪೈಲಟ್ ಆಗಿದ್ದ ಅವರ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಮಂತ್ರಿಗಳು ಕೇಳಲಿಲ್ಲ, ಒಪ್ಪಿದ ಬೇರೆ ಕಂಪನಿಗೆ ಕೆಲಸ ಕೊಟ್ಟರು. ಆಶ್ಚರ್ಯವೆಂದರೆ ಇದೇ ಇಬ್ಬರು ಒಂದು ವರ್ಷದ ಹಿಂದೆ ಸೇರಿ ಒಂದು ದೊಡ್ಡ ಕೆಲಸ ಮಾಡಿದ್ದರು. ವಿದೇಶಕ್ಕೆ ಹಾರುವ ಭಾರತದ ಕಂಪನಿ ಬೇಕು ಎಂದು ಟಾಟಾ ಒಂದು ಪ್ರಸ್ತಾಪ ಕಳಿಸಿದ್ದರು. ಬಂಡವಾಳದಲ್ಲಿ ಸರ್ಕಾರದ್ದು ಶೇಕಡಾ 49, ಟಾಟಾ ಕಡೆಯದು 25, ಉಳಿದದ್ದು ಸಾರ್ವಜನಿಕರದು. ಸರ್ಕಾರ ಮನಸ್ಸು ಮಾಡಿದರೆ ಇನ್ನೆರಡು ಪಾಲು ಕೊಂಡು 51 ಮಾಡಿಕೊಳ್ಳಬಹುದು. ಕಡತ ಕೆಲವೇ ವಾರಗಳಲ್ಲಿ ಒಪ್ಪಿಗೆಯಾಗಿ ಹೊರಬಂತು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ನಮ್ಮ ಪುಸ್ತಕದಲ್ಲಿ ಸರ್ಕಾರ ಮತ್ತು ಖಾಸಗಿ ಸೇರಿದ ಉದ್ಯಮ ಎಂಬ ಪಾಠವಿದೆಯಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ಮಾತನ್ನೂ ಬರೆಯಬೇಕು. ಬರೆಯದಿದ್ದರೆ ಇದು ಜೀವನಚರಿತ್ರೆ ಆಗುವುದಿಲ್ಲ, ಹೊಗಳಿಕೆಯಾಗುತ್ತದೆ. ಲಕ್ನೋದ ನ್ಯಾಷನಲ್ ಹೆರಾಲ್ಡ್ ಪತ್ರಿಕೆಯನ್ನು ಕಟ್ಟಿ ಬೆಳೆಸಿದವರಲ್ಲಿ ರಫಿ ಸಾಹೇಬರೂ ಒಬ್ಬರು. ಪತ್ರಿಕೆಗೆ ಯಾವಾಗಲೂ ಹಣದ ತಾಪತ್ರಯ. ರಾತ್ರಿ ಅಂಚೆಯ ಗುತ್ತಿಗೆ ಪಡೆದ ವಿಮಾನ ಕಂಪನಿಗೆ ಸಂಬಂಧಪಟ್ಟವರಿಂದ ಆ ಪತ್ರಿಕೆಗೆ ದೇಣಿಗೆ ಬಂದಿದೆ ಎಂದು 1950ರಲ್ಲಿ ಸರ್ದಾರ್ ಪಟೇಲರು ನೆಹರೂ ಅವರಿಗೆ ಕಾಗದ ಬರೆದು ಆಕ್ಷೇಪಿಸಿದರು. ಆ ಹಣದಲ್ಲಿ ರಫಿ ಸಾಹೇಬರು ಸ್ವಂತಕ್ಕೆ ಒಂದು ರೂಪಾಯಿ ಇಟ್ಟುಕೊಂಡರೆಂದು ಯಾರೂ ಹೇಳಲಿಲ್ಲ. ಆದರೂ ಗುತ್ತಿಗೆ ಕೊಡುವ ಖಾತೆಯ ಮಂತ್ರಿಯೇ ನೋಡಿಕೊಳ್ಳುವ ಪತ್ರಿಕೆಗೆ ಗುತ್ತಿಗೆದಾರನ ಕಡೆಯಿಂದ ದೇಣಿಗೆ ಬರಬಾರದು. ನನಗೆ ಪಟೇಲರು ಕೇಳಿದ್ದು ಸರಿ ಅನ್ನಿಸುತ್ತದೆ. ಸ್ಟಾಫ್ ರೂಮಿನಲ್ಲಿ ಈ ಬಗ್ಗೆ ಕೇಳಿದಾಗ ನಮ್ಮ ಇಬ್ಬರು ಮೇಷ್ಟ್ರುಗಳಲ್ಲೇ ಒಮ್ಮತ ಬರಲಿಲ್ಲ!

ಟೆಲಿಫೋನಿನ ವಿಷಯದಲ್ಲಿ ಅವರ ಲೆಕ್ಕಾಚಾರ ನೋಡಿ. ದೊಡ್ಡ ಊರುಗಳಲ್ಲಿ ಫೋನು ಬೇಕೆಂದು ವರ್ತಕರು ವರ್ಷಗಟ್ಟಲೆ ಸಾಲಿನಲ್ಲಿ ನಿಂತಿದ್ದರು. ಎಕ್ಸ್‌ಚೇಂಜ್ ಕಟ್ಟಲು ಸರ್ಕಾರದ ಹತ್ತಿರ ಹಣವಿಲ್ಲ. ಆಗ ಬಂದದ್ದು ನಿಮ್ಮ ಫೋನು ನೀವೇ ಕೊಳ್ಳಿ ಎಂಬ ಯೋಜನೆ. ಒಂದು ದೊಡ್ಡ ಮೊತ್ತ ಮೊದಲೇ ಕಟ್ಟಿ, ನಿಮಗೆ ಬೇಗ ಫೋನು ಸಿಗುತ್ತದೆ, ಮುಂದೆ ಬಾಡಿಗೆ ಕಟ್ಟಬೇಕಿಲ್ಲ. ಆ ಮುಂಗಡದಿಂದಲೇ ಹೊಸ ತಂತಿ, ಹೊಸ ಎಕ್ಸ್‌ಚೇಂಜ್. ಬಜೆಟ್ಟಿನ ಮೇಲೆ ಭಾರ ಹಾಕದೆ ಗಿರಾಕಿಯಿಂದಲೇ ಬಂಡವಾಳ ಎತ್ತುವ ಉಪಾಯ ಇದು. ಹಣವಿದ್ದವನು ಸಾಲು ಬಿಟ್ಟು ಮುಂದೆ ಹೋಗುತ್ತಾನೆ ಎಂಬ ದೂರು ಇದ್ದೇ ಇತ್ತು, ಅದು ಸುಳ್ಳೂ ಅಲ್ಲ. ಈ ಪದ್ಧತಿ ಎಷ್ಟು ದಿನ ಬಾಳಿತೆಂದರೆ, ಅಬ್ಬಾ ಹುಡುಗರಾಗಿದ್ದಾಗಲೂ ಫೋನಿನ ಅರ್ಜಿಯಲ್ಲಿ ಈ ವರ್ಗ ಇತ್ತಂತೆ.

ಫೋನು ತಯಾರಿಸುವುದಕ್ಕೂ ಆಗಲೇ ಕಾರ್ಖಾನೆ ಹುಟ್ಟಿತು. ಅದು ಬೇರೆಲ್ಲೂ ಅಲ್ಲ, ನಮ್ಮ ಬೆಂಗಳೂರಿನ ಕೆ.ಆರ್. ಪುರದ ಹತ್ತಿರ. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಜನ ಕರೆಯುವುದು ಐ.ಟಿ.ಐ. ಎಂದು. ಇಂಗ್ಲೆಂಡಿನ ಕಂಪನಿಯೊಂದರಿಂದ ತಂತ್ರಜ್ಞಾನ, ಪಾಲುದಾರರಲ್ಲಿ ಮೈಸೂರು ಸರ್ಕಾರವೂ ಒಂದು. ಆ ಕಾರ್ಖಾನೆಯಿಂದಲೇ ಅಲ್ಲಿಗೆ ದೂರವಾಣಿನಗರ ಎಂದು ಹೆಸರು ಬಂತು. ಹಳೇ ಸಿನಿಮಾಗಳಲ್ಲಿ ಮೇಜಿನ ಮೇಲೆ ಇರುತ್ತದಲ್ಲ, ಕಪ್ಪಗೆ ಭಾರವಾದ ಬೆರಳು ಹಾಕಿ ತಿರುಗಿಸುವ ಫೋನು, ಅಂಥವು ಅಲ್ಲಿ ತಯಾರಾಗುತ್ತಿದ್ದವು.

1951ರಲ್ಲಿ ಕಾಂಗ್ರೆಸ್ಸಿನ ಒಳಜಗಳದಲ್ಲಿ ಅವರು ಪಕ್ಷವನ್ನೂ ಮಂತ್ರಿಗಿರಿಯನ್ನೂ ಬಿಟ್ಟು ಕೃಪಲಾನಿಯವರ ಪಕ್ಷದ ಕಡೆ ಹೋದರು. ನೆಹರೂ ಅವರೇ ಕಾಂಗ್ರೆಸ್ ಅಧ್ಯಕ್ಷರಾದ ಮೇಲೆ ವಾಪಸ್ಸು ಬಂದರು. ಅದು ದೊಡ್ಡ ಕಥೆ, ಇಲ್ಲಿ ಬೇಡ. 1952ರ ಮೊದಲ ಮಹಾಚುನಾವಣೆಯಲ್ಲಿ ಗೆದ್ದು ಬಂದಾಗ ನೆಹರೂ ಅವರಿಗೆ ಕೊಟ್ಟದ್ದು ಯಾರೂ ಬಯಸದ ಖಾತೆ, ಆಹಾರ ಮತ್ತು ಕೃಷಿ.

ಯಾಕೆ ಯಾರೂ ಬಯಸುತ್ತಿರಲಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಯುದ್ಧಕಾಲದಿಂದ ಧಾನ್ಯದ ಮೇಲೆ ಕಂಟ್ರೋಲ್ ಇತ್ತು. ನಮ್ಮ ದಾದಿ ಇವತ್ತಿಗೂ ಸೊಸೈಟಿ ಅಕ್ಕಿಗೆ ಕಂಟ್ರೋಲ್ ಅಕ್ಕಿ ಎನ್ನುತ್ತಾರೆ. ಆ ಪದ ಆ ಕಾಲದ್ದು. ರೈತ ಬೆಳೆದದ್ದರಲ್ಲಿ ಇಂತಿಷ್ಟನ್ನು ಸರ್ಕಾರ ಹೇಳಿದ ಬೆಲೆಗೆ ಲೆವಿ ಕೊಡಬೇಕು. ವರ್ತಕ ಪರ್ಮಿಟ್ ಇಲ್ಲದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೂಟೆ ಸಾಗಿಸುವಂತಿಲ್ಲ. ಪಟ್ಟಣದವರಿಗೆ ಕಾರ್ಡಿನ ಮೇಲೆ ರೇಷನ್. 1951ರ ಆರಂಭದಲ್ಲಿ ಒಬ್ಬರಿಗೆ ದಿನಕ್ಕೆ 12 ಔನ್ಸ್ ಇದ್ದ ರೇಷನ್ನನ್ನು 9 ಔನ್ಸಿಗೆ ಇಳಿಸಿದರು. 9 ಔನ್ಸ್ ಎಂದರೆ ಸುಮಾರು ಕಾಲು ಕೆ.ಜಿ. ಅದೇ ವರ್ಷ ಅಮೆರಿಕದಿಂದ 20 ಲಕ್ಷ ಟನ್ ಗೋಧಿಗಾಗಿ 19 ಕೋಟಿ ಡಾಲರ್ ಸಾಲ ತರಬೇಕಾಯಿತು.

ಕಂಟ್ರೋಲ್ ತೆಗೆದು ನೋಡುವ ಪ್ರಯತ್ನ ಒಮ್ಮೆ ಆಗಿ ಸೋತಿತ್ತು. ಗಾಂಧೀಜಿಯವರ ಒತ್ತಾಯದಂತೆ 1947ರ ಡಿಸೆಂಬರಿನಲ್ಲಿ ಸಡಿಲಿಸಿದರು. ಬೆಲೆ ಏರಿತು, 1948ರಲ್ಲೇ ಮತ್ತೆ ಹಾಕಿದರು. ಹಾಗಾಗಿ ಮತ್ತೊಮ್ಮೆ ಆ ಮಾತೆತ್ತಲು ಎಲ್ಲರಿಗೂ ಭಯ. ಅದರ ಮೇಲೆ ಅದು ಪಂಚವಾರ್ಷಿಕ ಯೋಜನೆಯ ಕಾಲ, ಸರ್ಕಾರವೇ ಎಲ್ಲವನ್ನೂ ನಡೆಸಬೇಕು ಎಂಬ ನಂಬಿಕೆಯ ಕಾಲ. ರಫಿ ಸಾಹೇಬರೂ ಸಮಾಜವಾದಿಗಳ ಸ್ನೇಹಿತರೇ.

ಆದರೂ ಅವರು ಬೇರೆಯಾಗಿ ಯೋಚಿಸಿದರು. ಕೊರತೆ ನಿಜವೇ. ಆದರೆ ಕಾಣುತ್ತಿರುವಷ್ಟು ಕೊರತೆ ಇಲ್ಲ, ಭಯದಿಂದಾಗಿ ಧಾನ್ಯ ಬಚ್ಚಿಟ್ಟುಕೊಂಡಿದೆ ಎಂದು ಅವರಿಗೆ ಅನಿಸಿತ್ತು. ರೈತ ಲೆವಿಗೆ ಹೆದರಿ ಬಚ್ಚಿಡುತ್ತಾನೆ, ವರ್ತಕ ಕಾಳಸಂತೆಯ ಆಸೆಗೆ ಬಚ್ಚಿಡುತ್ತಾನೆ, ಗೃಹಸ್ಥ ನಾಳೆ ಸಿಗುವುದಿಲ್ಲವೆಂದು ಬೇಕಾದ್ದಕ್ಕಿಂತ ಹೆಚ್ಚು ತಂದಿಡುತ್ತಾನೆ. ಪಕ್ಕದ ಜಿಲ್ಲೆಯಲ್ಲಿ ಹೆಚ್ಚಿದ್ದರೂ ಪರ್ಮಿಟ್ ಇಲ್ಲದೆ ಇಲ್ಲಿಗೆ ಬರುವುದಿಲ್ಲ. ನಾವು ಅರ್ಥಶಾಸ್ತ್ರದಲ್ಲಿ ಗರಿಷ್ಠ ಬೆಲೆ ನಿಗದಿಯ ರೇಖಾಚಿತ್ರ ಬರೆಯುತ್ತೇವಲ್ಲ, ಪೂರೈಕೆಗಿಂತ ಬೇಡಿಕೆ ಹೆಚ್ಚಾಗಿ ನಡುವೆ ಒಂದು ಅಂತರ ಉಳಿಯುತ್ತದಲ್ಲ, ಅದನ್ನು ಅವರು ಮಂಡಿಯಲ್ಲಿ ನೋಡಿದ್ದರು.

1952ರ ಜೂನ್‌ನಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ ತಮ್ಮ ರಾಜ್ಯದಲ್ಲಿ ಕಂಟ್ರೋಲ್ ತೆಗೆದರು. ಆಗ ಬಳ್ಳಾರಿ ಮತ್ತು ಮಂಗಳೂರು ಸೀಮೆ ಮದ್ರಾಸ್ ರಾಜ್ಯದಲ್ಲೇ ಇದ್ದವು, ಆದ್ದರಿಂದ ಕನ್ನಡಿಗರಲ್ಲಿ ಈ ಪ್ರಯೋಗವನ್ನು ಮೊದಲು ಕಂಡವರು ಅವರೇ. ಕೇಂದ್ರದಲ್ಲಿ ಆಗಷ್ಟೇ ಬಂದಿದ್ದ ಹೊಸ ಆಹಾರ ಮಂತ್ರಿ ಅದನ್ನು ತಡೆಯಲಿಲ್ಲ, ಬೆನ್ನಿಗೆ ನಿಂತರು. ಬೆಲೆ ಹೆದರಿದಂತೆ ಹಾರಲಿಲ್ಲ. ಅಲ್ಲಿಂದ ಒಂದೊಂದೇ ಹೆಜ್ಜೆ ಇಟ್ಟರು. ಒಂದೇ ದಿನ ಎಲ್ಲ ಕಿತ್ತುಹಾಕಲಿಲ್ಲ, 1947ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಸರ್ಕಾರದ ಗೋದಾಮಿನಲ್ಲಿ ದಾಸ್ತಾನು ಇಟ್ಟುಕೊಂಡರು, ನ್ಯಾಯಬೆಲೆ ಅಂಗಡಿಗಳನ್ನು ಮುಚ್ಚಲಿಲ್ಲ. ಎಲ್ಲಾದರೂ ವರ್ತಕರು ಬೆಲೆ ಏರಿಸಿದರೆ ಸರ್ಕಾರದ ಅಕ್ಕಿ ಅಲ್ಲಿಗೆ ಬಂದು ಬೀಳುತ್ತದೆ ಎಂಬ ಹೆದರಿಕೆ ಇರಬೇಕು. ಹಾಗಿದ್ದರೆ ಬಚ್ಚಿಟ್ಟವನಿಗೇ ನಷ್ಟ. ರಾಗಿ ಜೋಳದಂಥ ಧಾನ್ಯಗಳ ಕಟ್ಟು ಮೊದಲು ಸಡಿಲವಾಯಿತು. 1954ರ ಜುಲೈನಲ್ಲಿ ಅಕ್ಕಿಯ ಮೇಲಿನ ಕಂಟ್ರೋಲೂ ಹೋಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾರ್ಡು ಹಿಡಿದು ನಿಂತ ಜನ ಅಂಗಡಿಗೆ ಹೋಗಿ ಬೇಕಾದಷ್ಟು ಅಕ್ಕಿ ಕೊಂಡರು.

ಇಲ್ಲಿ ಅದೃಷ್ಟದ ಪಾಲೂ ಇದೆ. 1951-52ರಲ್ಲಿ ದೇಶದ ಆಹಾರ ಧಾನ್ಯದ ಉತ್ಪಾದನೆ ಸುಮಾರು 5.2 ಕೋಟಿ ಟನ್. 1953-54ರಲ್ಲಿ ಅದು ಸುಮಾರು 7 ಕೋಟಿ ಟನ್. ಮಳೆ ಚೆನ್ನಾಗಿ ಬಂತು. ಭತ್ತದ ಜಪಾನಿ ಬೇಸಾಯ ಪದ್ಧತಿಯನ್ನು 1953ರಿಂದ ಪ್ರಚಾರ ಮಾಡಿದ್ದೂ ಇತ್ತು, ಆದರೆ ಮುಖ್ಯವಾಗಿ ಮಳೆಯೇ. 1951ರಲ್ಲಿ 40 ಲಕ್ಷ ಟನ್ನಿಗೂ ಹೆಚ್ಚು ಧಾನ್ಯ ಆಮದು ಮಾಡಿದ ದೇಶ 1954ರಲ್ಲಿ 10 ಲಕ್ಷ ಟನ್ನಿಗಿಂತ ಕಡಿಮೆ ತರಿಸಿತು. ಮಳೆ ಕೈಕೊಟ್ಟಿದ್ದರೆ ಅವರನ್ನು ಇವತ್ತು ಬೈಯುತ್ತಿದ್ದರೋ ಏನೋ. ಆದರೆ ರಾಜಾಜಿ ಕಂಟ್ರೋಲ್ ತೆಗೆದದ್ದು ಆ ಒಳ್ಳೆಯ ಬೆಳೆ ಮನೆಗೆ ಬರುವ ಮುಂಚೆ ಎಂಬುದನ್ನೂ ಮರೆಯಬಾರದು.

ಈ ಭಾಗ ಬರೆಯುವಾಗ ಮನೆಯಲ್ಲಿ ವಾದವಾಯಿತು. ಅಬ್ಬಾ ಎ.ಪಿ.ಎಂ.ಸಿ. ಯಾರ್ಡಿನ ಅಕ್ಕಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಬೆಲೆ ಏರಿದಾಗಲೆಲ್ಲ ಎಲ್ಲರೂ ವ್ಯಾಪಾರಿಯನ್ನೇ ಕಳ್ಳ ಎನ್ನುತ್ತಾರೆ, ವ್ಯಾಪಾರಿಯನ್ನು ನಂಬಿದ ಒಬ್ಬ ಮಂತ್ರಿಯಾದರೂ ಇದ್ದರಲ್ಲ ಎಂದು ಅವರಿಗೆ ಸಂತೋಷ. ನಾನು ಹೇಳಿದೆ, ಅವರು ವ್ಯಾಪಾರಿಯನ್ನು ನಂಬಿದ್ದು ನಿಜ, ಆದರೆ ಗೋದಾಮು ತುಂಬಿಸಿಟ್ಟುಕೊಂಡು ನಂಬಿದರು. ದಾದಿ ಇಬ್ಬರ ಮಾತನ್ನೂ ಕೇಳಿ, ಊಟ ಆರುತ್ತಿದೆ ಎಂದರು. ಅವರ ಕಾರ್ಡಿಗೆ ತಿಂಗಳು ತಿಂಗಳು ಅಕ್ಕಿ ಬರುತ್ತದೆ, ಅದು ನಿಲ್ಲಬಾರದು ಅಷ್ಟೇ.

ಅವರು ತೆಗೆದ ಕಟ್ಟುಗಳು ಬಹಳ ದಿನ ದೂರ ಉಳಿಯಲಿಲ್ಲ. 1955ರಲ್ಲಿ ಅಗತ್ಯ ವಸ್ತುಗಳ ಕಾಯ್ದೆ ಬಂತು. 1957ರ ಹೊತ್ತಿಗೆ ಬೆಲೆ ಮತ್ತೆ ಏರಿ, ಅಶೋಕ್ ಮೆಹ್ತಾ ಸಮಿತಿ ಕೂತಿತು. 1965ರಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿತು. ಅಷ್ಟರಲ್ಲಿ ಅವರಿರಲಿಲ್ಲ.

1954ರ ಅಕ್ಟೋಬರ್ 24ರಂದು ದೆಹಲಿಯಲ್ಲಿ ಭಾಷಣ ಮಾಡುತ್ತಿದ್ದಾಗ ಅವರಿಗೆ ಉಬ್ಬಸ ಕಾಣಿಸಿಕೊಂಡಿತು. ಹೃದಯ ನಿಂತಿತು. ವಯಸ್ಸು 60. ಅಕ್ಕಿಯ ಕಂಟ್ರೋಲ್ ತೆಗೆದು ಆಗಿನ್ನೂ ಮೂರು ತಿಂಗಳು ಕಳೆದಿತ್ತು. ಅವರನ್ನು ಮಸೌಲಿಗೆ ಒಯ್ದು ಮಣ್ಣು ಮಾಡಿದರು. ಅವರಿಗೆ ಒಬ್ಬನೇ ಮಗನಿದ್ದ, ಏಳನೇ ವಯಸ್ಸಿನಲ್ಲಿ ಜ್ವರದಿಂದ ಹೋಗಿಬಿಟ್ಟಿದ್ದ. ಇಷ್ಟು ವರ್ಷ ಅಧಿಕಾರದಲ್ಲಿದ್ದು ಅವರು ಬಿಟ್ಟುಹೋದದ್ದು ಸಾಲ, ಮತ್ತು ಹಳ್ಳಿಯಲ್ಲಿ ಸರಿಯಾಗಿ ದುರಸ್ತಿಯೂ ಕಾಣದ ಹಳೇ ಮನೆ. ಕೇಳಿಕೊಂಡು ಬಂದವರಿಗೆ, ಪಕ್ಷದವರೋ ವಿರೋಧಿಯೋ ನೋಡದೆ, ಕೈಯಲ್ಲಿದ್ದದ್ದನ್ನು ಕೊಟ್ಟುಬಿಡುವುದು ಅವರ ಅಭ್ಯಾಸವಾಗಿತ್ತು. ಇಲ್ಲದಿದ್ದರೆ ಸಾಲ ತಂದು ಕೊಡುತ್ತಿದ್ದರು. ಅಕೌಂಟೆನ್ಸಿ ಓದುವ ನನಗೆ ಈ ಪದ್ಧತಿ ಒಪ್ಪಿಗೆಯಿಲ್ಲ, ಆದರೂ ಮನಸ್ಸಿನಿಂದ ಹೋಗುವುದಿಲ್ಲ.

ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಅವರ ಹೆಸರಿನಲ್ಲಿ ವಿಜ್ಞಾನಿಗಳಿಗೆ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ದೆಹಲಿಯಲ್ಲಿ ಕಿದ್ವಾಯಿ ನಗರವಿದೆ. 1973ರಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಅವರ ಹೆಸರು ಬಂತು. ಅದಕ್ಕೂ ಮೊದಲು 1969ರ ಏಪ್ರಿಲ್ 1ರಂದು, ಎಲ್ಲ ಕಾಗದಗಳೂ ವಿಮಾನದಲ್ಲಿ ಹಾರಲು ಶುರುವಾಗಿ ಸರಿಯಾಗಿ 20 ವರ್ಷವಾದ ದಿನ, ಅಂಚೆ ಇಲಾಖೆ ಅವರ ಚೀಟಿ ಹೊರತಂದಿತು. ಬೆಲೆ 20 ಪೈಸೆ. ಅವರ ಚಿತ್ರದ ಜೊತೆಗೆ ಒಂದು ಅಂಚೆ ವಿಮಾನವಿದೆ.

ಮುಂದಿನ ತಿಂಗಳು ಫೂಫುವಿನ ತಪಾಸಣೆ ಇದೆ. ಆ ಚೀಟಿಯ ಚಿತ್ರದ ಪ್ರಿಂಟ್ ತೆಗೆದಿಟ್ಟಿದ್ದೇನೆ. ಈ ಸಲ ಬಸ್ಸಿನಲ್ಲಿ ಅವರ ಪಕ್ಕ ನಾನು ಕೂರುತ್ತೇನೆ.